ಆಪರೇಷನ್‌ಗೆ ಕಾಯುತ್ತಿರುವವರ ಹತ್ತಿರ "ಏನೂ ಆಗಲ್ಲ" ಅನ್ನಬೇಡಿ

ನಾನು ಮೈಸೂರಿನ ಒಂದು ಆಸ್ಪತ್ರೆಯ ಸರ್ಜಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಹದಿನಾಲ್ಕು ವರ್ಷ ಆಯಿತು. ಓಟಿಗೆ, ಅಂದರೆ ಆಪರೇಷನ್ ಥಿಯೇಟರಿಗೆ, ಹೋಗುವವರನ್ನು ಬೆಳಿಗ್ಗೆ ರೆಡಿ ಮಾಡಿ ಕಳಿಸುವುದು ನನ್ನ ಕೆಲಸದ ದೊಡ್ಡ ಪಾಲು. ಇಷ್ಟು ವರ್ಷದಲ್ಲಿ ಅತಿ ಹೆಚ್ಚು ಸಲ ಕಿವಿಗೆ ಬಿದ್ದ ಮಾತು ಯಾವುದು ಗೊತ್ತಾ? "ಏನೂ ಆಗಲ್ಲ, ಸುಮ್ನಿರಿ." ಮಗ ಹೇಳುತ್ತಾನೆ, ಸೊಸೆ ಹೇಳುತ್ತಾಳೆ, ಪಕ್ಕದ ಬೆಡ್ಡಿನವರು ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಒಂದು ದಿನ ಹರ್ನಿಯಾಗೆ ಅಂತ ಅಡ್ಮಿಟ್ ಆಗಿದ್ದ ಯಜಮಾನರೊಬ್ಬರು ನನ್ನನ್ನೇ ತಿರುಗಿ ಕೇಳಿದರು: "ಏನೂ ಆಗಲ್ಲ ಅಂದ್ರೆ ಏನು ಸಿಸ್ಟರ್? ಹೊಟ್ಟೆ ಕುಯ್ಯಲ್ವಾ?"

ಬಾಯಿ ಕಟ್ಟಿಹೋಯಿತು. ಕುಯ್ಯುತ್ತಾರೆ. ನೋವಾಗುತ್ತದೆ. ಎರಡು ದಿನ ಕೆಮ್ಮಿದರೆ ಹೊಲಿಗೆ ಹಾಕಿದ ಜಾಗ ಹಿಡಿದುಕೊಳ್ಳಬೇಕಾಗುತ್ತದೆ. ಇಷ್ಟೆಲ್ಲ ಆಗುತ್ತದೆ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಏನೂ ಆಗಲ್ಲ" ಅಂದಿದ್ದಕ್ಕೆ ಅವರಿಗೆ ಧೈರ್ಯ ಬರಲಿಲ್ಲ. ನನ್ನ ಮೇಲಿದ್ದ ನಂಬಿಕೆ ಹೋಯಿತು, ಅಷ್ಟೆ.

ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಪೇಷಂಟ್ ಜೊತೆ ಉಳಿಯುವವರಿಗೆ. ಆಪರೇಷನ್ ಆಗಬೇಕಾದವರೇ ಓದಿದರೂ ಒಳ್ಳೆಯದೇ.

ಮೊದಲು ಕೇಳಿ, ಆಮೇಲೆ ಹೇಳಿ

ಭಯ ಆಗ್ತಿದೆಯಾ ಅಂತ ಕೇಳಬೇಡಿ. ನಮ್ಮ ಗಂಡಸರು ಇಲ್ಲ ಅಂದುಬಿಡುತ್ತಾರೆ, ಹೆಂಗಸರು ಅಳುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. "ಯಾವುದು ನೆನೆಸಿಕೊಂಡರೆ ಜಾಸ್ತಿ ಕಷ್ಟ ಆಗ್ತಿದೆ?" ಅಂತ ಕೇಳಿ. ಕೇಳಿದ ಮೇಲೆ ಸುಮ್ಮನೆ ಕೂತಿರಿ. ಮೊಬೈಲ್ ನೋಡಬೇಡಿ. ಎರಡು ನಿಮಿಷ ಏನೂ ಹೇಳದೆ ಇರಬಹುದು, ಆಮೇಲೆ ಬರುತ್ತದೆ ನೋಡಿ ಉತ್ತರ, ನೀವು ಅಂದುಕೊಂಡಿದ್ದೇ ಬೇರೆ ಇರುತ್ತದೆ.

ಮಂಡಿ ಆಪರೇಷನ್ನಿಗೆ ಬಂದಿದ್ದ ಒಬ್ಬ ಅಜ್ಜಿಗೆ ಆಪರೇಷನ್ ಚಿಂತೆಯೇ ಇರಲಿಲ್ಲ. ಆಮೇಲೆ ಬೆಡ್ ಪ್ಯಾನ್ ಯಾರು ಇಡುತ್ತಾರೆ, ಸೊಸೆ ಕೈಯಲ್ಲಿ ಹೇಗೆ ಮಾಡಿಸಿಕೊಳ್ಳುವುದು ಅನ್ನುವುದೇ ಅವರ ಸಂಕಟ. ಇನ್ನೊಬ್ಬರು ಐವತ್ತರ ಆಸುಪಾಸಿನವರು, ಅಂಗಡಿ ಇಟ್ಟುಕೊಂಡವರು. ಹೆಂಡತಿ ಕ್ಯಾಂಟೀನಿಗೆ ಹೋದ ಹೊತ್ತು ನೋಡಿ ನನ್ನನ್ನು ಹತ್ತಿರ ಕರೆದು ಪಿಸುಮಾತಿನಲ್ಲಿ ಕೇಳಿದರು: "ಸಿಸ್ಟರ್, ಮತ್ತಿನ ಔಷಧಿ ಕೊಟ್ಟಾಗ ಮನುಷ್ಯ ಒಳಗಿರೋದೆಲ್ಲ ಬಾಯಿಬಿಡ್ತಾನಂತೆ, ಹೌದಾ?" ಮನೆಯವರಿಗೆ ಗೊತ್ತಿಲ್ಲದ ಹಾಗೆ ಕೈಸಾಲ ಮಾಡಿದ್ದರಂತೆ. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ ಪಾಪ. ಅವರ ಮಗ ಮಾತ್ರ "ಅಪ್ಪಾ, ಇದು ಸಣ್ಣ ಆಪರೇಷನ್ನು, ಈಗೆಲ್ಲಾ ಟೆಕ್ನಾಲಜಿ ತುಂಬಾ ಮುಂದುವರಿದಿದೆ" ಅಂತ ಮೂರು ದಿನದಿಂದ ಅದನ್ನೇ ಹೇಳುತ್ತಿದ್ದ. ಟೆಕ್ನಾಲಜಿಗೂ ಕೈಸಾಲಕ್ಕೂ ಏನು ಸಂಬಂಧ ಹೇಳಿ.

ನಾನು ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನಿಮಗೆ ಕೊಡುವುದು ಪೂರ್ತಿ ಮತ್ತಿನ ಔಷಧಿ, ಉಸಿರಾಟಕ್ಕೆ ಗಂಟಲಿಗೆ ಟ್ಯೂಬ್ ಹಾಕಿರುತ್ತಾರೆ, ಮಾತು ಹೊರಡುವ ದಾರಿಯೇ ಇರುವುದಿಲ್ಲ. ಎಚ್ಚರ ಆಗುವಾಗ ಕೆಲವರು ಏನೋ ಗೊಣಗುತ್ತಾರೆ, ಆದರೆ ಆಗ ನಿಮ್ಮ ಪಕ್ಕ ಇರುವುದು ನಮ್ಮವರು, ಮನೆಯವರು ಬಾಗಿಲಾಚೆ ಇರುತ್ತಾರೆ. ಮುಖ ನೋಡಬೇಕಿತ್ತು, ಅರ್ಧ ಕಾಯಿಲೆ ಅಲ್ಲೇ ಹೋದ ಹಾಗಿತ್ತು.

ಆಮ್‌ಸ್ಟರ್‌ಡ್ಯಾಮಿನ ಡಾಕ್ಟರುಗಳು ಯಾವ ಭಯ ಎಷ್ಟಿದೆ ಅಂತ ತಿಳಿಯುವುದಕ್ಕೇ 1996ರಲ್ಲಿ ಆರೇ ಆರು ವಾಕ್ಯಗಳ ಒಂದು ಪಟ್ಟಿ ಮಾಡಿದರು. ಎರಡು ವಾಕ್ಯ ಮತ್ತಿನ ಭಯದ ಬಗ್ಗೆ, ಎರಡು ಆಪರೇಷನ್ನಿನ ಭಯದ ಬಗ್ಗೆ, ಉಳಿದ ಎರಡು ಅವರಿಗೆ ಎಷ್ಟು ತಿಳಿದುಕೊಳ್ಳಬೇಕು ಅನ್ನಿಸುತ್ತಿದೆ ಅನ್ನುವುದರ ಬಗ್ಗೆ. ಆ ಕೊನೆಯ ಎರಡನ್ನು ನಾವು ಮರೆತೇಬಿಡುತ್ತೇವೆ. ಎಲ್ಲರಿಗೂ ಎಲ್ಲವನ್ನೂ ತಿಳಿದುಕೊಳ್ಳುವ ಆಸೆ ಇರುವುದಿಲ್ಲ. ಕೆಲವರು "ನನಗೇನೂ ಹೇಳಬೇಡಿ, ಮುಗಿಸಿ ಕಳಿಸಿ" ಅನ್ನುತ್ತಾರೆ, ಅವರಿಗೆ ವಿವರ ಜಾಸ್ತಿ ಆದಷ್ಟೂ ಬಿಪಿ ಏರುತ್ತದೆ. ಕೆಲವರಿಗೆ ಎಷ್ಟನೇ ನಂಬರಿನ ದಾರದಲ್ಲಿ ಹೊಲಿಗೆ ಹಾಕುತ್ತಾರೆ ಅನ್ನುವವರೆಗೂ ಬೇಕು. ಅದಕ್ಕೇ, ಎಷ್ಟು ಹೇಳಲಿ ಅಂತ ಮೊದಲೇ ಕೇಳಿಬಿಡಿ.

ನಾಳೆ ಏನೇನು ಆಗುತ್ತದೆ ಅಂತ ವರಸೆಯಾಗಿ ಹೇಳಿ

ತಿಳಿದುಕೊಳ್ಳಬೇಕು ಅನ್ನುವವರಿಗೆ ದಿನಚರಿ ಹೇಳಿದ ಹಾಗೆ ಹೇಳಬೇಕು. ಡಾಕ್ಟರ ಭಾಷೆ ಬೇಡ. ಏನು ಕಾಣುತ್ತದೆ, ಏನು ಕೇಳುತ್ತದೆ, ಮೈಗೆ ಏನು ತಾಗುತ್ತದೆ, ಅಷ್ಟು ಸಾಕು. ಬೆಳಿಗ್ಗೆ ಸ್ನಾನ, ಆಮೇಲೆ ಹಿಂದೆ ಲಾಡಿ ಕಟ್ಟುವ ಹಸಿರು ಗೌನು. ಕೈಗೆ ಸೂಜಿ ಹಾಕಿ ಡ್ರಿಪ್. ಸ್ಟ್ರೆಚರ್ ಬರುತ್ತದೆ. ಓಟಿ ಒಳಗೆ ತುಂಬಾ ಚಳಿ, ಹೊದಿಕೆ ಕೇಳಿದರೆ ಕೊಡುತ್ತಾರೆ, ನಾಚಿಕೊಳ್ಳಬೇಡಿ. ಎಲ್ಲರ ಮುಖಕ್ಕೂ ಮಾಸ್ಕ್ ಇರುತ್ತದೆ, ಹಾಗಾಗಿ ನಿಮ್ಮ ಡಾಕ್ಟರನ್ನೇ ಗುರುತು ಹಿಡಿಯದೆ ಗಾಬರಿಯಾಗಬಹುದು. ಬೆರಳಿಗೆ ಕ್ಲಿಪ್ ಹಾಕುತ್ತಾರೆ, ಪೀಂ ಪೀಂ ಅಂತ ಸದ್ದು ಶುರುವಾಗುತ್ತದೆ, ಅದು ನಿಮ್ಮ ನಾಡಿಯ ಸದ್ದು. ಬಿಪಿ ಪಟ್ಟಿ ತಾನಾಗೇ ಬಿಗಿಯಾಗುತ್ತಾ ಸಡಿಲವಾಗುತ್ತಾ ಇರುತ್ತದೆ.

ಇನ್ನೊಂದು ವಿಷಯ. ಹೆಸರೇನು, ಏನು ಆಪರೇಷನ್ನು, ಯಾವ ಕಡೆ ಅಂತ ಒಬ್ಬರಾದ ಮೇಲೆ ಒಬ್ಬರು ಕೇಳುತ್ತಾರೆ. "ಅಯ್ಯೋ, ಇವರಿಗೆ ನಾನ್ಯಾರು ಅಂತಲೇ ಗೊತ್ತಿಲ್ಲವಲ್ಲಪ್ಪಾ" ಅಂತ ಎಷ್ಟೋ ಜನ ಹೆದರಿಬಿಡುತ್ತಾರೆ. ಗೊತ್ತಿದ್ದೇ ಕೇಳುವುದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಚೆಕ್‌ಲಿಸ್ಟ್ ಪ್ರಕಾರ ಮತ್ತಿನ ಔಷಧಿ ಕೊಡುವ ಮುಂಚೆ ಒಂದು ಸಲ, ಕುಯ್ಯುವ ಮುಂಚೆ ಒಂದು ಸಲ, ಓಟಿಯಿಂದ ಹೊರಗೆ ಕಳಿಸುವ ಮುಂಚೆ ಇನ್ನೊಂದು ಸಲ ಎಲ್ಲವನ್ನೂ ತಾಳೆ ನೋಡಬೇಕು. ಕಾಲಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬಾಣದ ಗುರುತು ಹಾಕುವುದೂ ಇದಕ್ಕೇ. ಮೊದಲೇ ಹೇಳಿದ್ದರೆ ಪ್ರಶ್ನೆ ಕೇಳಿದಾಗ ಹೆದರುವ ಬದಲು ಸಮಾಧಾನ ಆಗುತ್ತದೆ.

ಆಪರೇಷನ್ ಆದ ಮೇಲಿನದನ್ನು ಹೇಳುವುದು ಇನ್ನೂ ಮುಖ್ಯ. ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟವರಿಗೆ ಕೆಲವು ಗಂಟೆ ಕಾಲು ಎತ್ತಲು ಆಗುವುದಿಲ್ಲ, ಕಾಲೇ ಇಲ್ಲದ ಹಾಗೆ ಅನ್ನಿಸುತ್ತದೆ. ಗೊತ್ತಿಲ್ಲದವರು ಲಕ್ವ ಹೊಡೆಯಿತು ಅಂತ ಕೂಗಾಡಿದ್ದನ್ನು ನೋಡಿದ್ದೇನೆ. ಮೂತ್ರಕ್ಕೆ ಪೈಪ್ ಹಾಕಿದ್ದರೆ ಮೂತ್ರ ಬಂದ ಹಾಗೇ ಅನ್ನಿಸುತ್ತಿರುತ್ತದೆ. ಗಂಟಲಿಗೆ ಟ್ಯೂಬ್ ಹಾಕಿದ್ದರೆ ಒಂದೆರಡು ದಿನ ಗಂಟಲು ಕೆರೆತ. ಎಚ್ಚರವಾಗುವಾಗ ಮೈಯೆಲ್ಲಾ ಗಡಗಡ ನಡುಗಬಹುದು. ಪಿತ್ತಕೋಶದ ಕಲ್ಲಿಗೆ ಹೊಟ್ಟೆಯಲ್ಲಿ ಸಣ್ಣ ತೂತು ಹಾಕಿ ಆಪರೇಷನ್ ಮಾಡುತ್ತಾರಲ್ಲ, ಅದರಲ್ಲಿ ಹೊಟ್ಟೆಗೆ ಗ್ಯಾಸ್ ತುಂಬಿರುತ್ತಾರೆ, ಆ ಗ್ಯಾಸಿನಿಂದ ಮಾರನೇ ದಿನ ಭುಜ ನೋಯಬಹುದು. ಹೊಟ್ಟೆ ಆಪರೇಷನ್ ಆದವರಿಗೆ ಭುಜ ನೋವು ಬಂದರೆ ಮನೆಯವರೆಲ್ಲ ಹಾರ್ಟ್ ಅಟ್ಯಾಕ್ ಅಂದುಕೊಳ್ಳುತ್ತಾರೆ. ಹಿಂದಿನ ದಿನ ಒಂದು ಮಾತು ಹೇಳಿದ್ದರೆ ಈ ಗಾಬರಿ ಇರುತ್ತಿರಲಿಲ್ಲ. (ಆದರೂ ಎದೆ ನೋವು, ಉಸಿರು ಕಟ್ಟುವುದು ಏನಾದರೂ ಇದ್ದರೆ, ಆಪರೇಷನ್ನಿಗೆ ಮುಂಚೆಯಾಗಲಿ ಆಮೇಲಾಗಲಿ, ಟೆನ್ಷನ್ ಇರಬೇಕು ಅಂತ ನೀವೇ ತೀರ್ಮಾನ ಮಾಡಬೇಡಿ. ತಕ್ಷಣ ನಮ್ಮನ್ನು ಕರೆಯಿರಿ.)

ಹೀಗೆ ಹೇಳುವುದರಿಂದ ಬರೀ ಮನಸ್ಸಿಗೆ ಸಮಾಧಾನ ಅಂದುಕೊಳ್ಳಬೇಡಿ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಇದೆಯಲ್ಲ, 1846ರ ಅಕ್ಟೋಬರ್ 16ರಂದು ಮಾರ್ಟನ್ ಅನ್ನುವವನು ಈಥರ್ ಅನ್ನುವ ಮತ್ತಿನ ಔಷಧಿ ಕೊಟ್ಟು ನೋವಿಲ್ಲದೆ ಆಪರೇಷನ್ ಮಾಡಬಹುದು ಅಂತ ಎಲ್ಲರೆದುರು ತೋರಿಸಿದ್ದು ಅಲ್ಲೇ. ಅದೇ ಆಸ್ಪತ್ರೆಯಲ್ಲಿ ಎಗ್ಬರ್ಟ್ ಅನ್ನುವ ಅನಸ್ತೇಸಿಯಾ ಡಾಕ್ಟರು, ಅಂದರೆ ಮತ್ತಿನ ಔಷಧಿ ಕೊಡುವ ಡಾಕ್ಟರು, ಹೊಟ್ಟೆ ಆಪರೇಷನ್ನಿನ 97 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಲ್ಲಿ ನೋಯುತ್ತದೆ, ಎಷ್ಟು ದಿನ ನೋಯುತ್ತದೆ, ಯಾಕೆ ನೋಯುತ್ತದೆ, ಆಗ ಮೈ ಹೇಗೆ ಸಡಿಲ ಬಿಡಬೇಕು, ಹೇಗೆ ಮಗ್ಗುಲಾಗಬೇಕು ಅಂತ ಕೂತು ವಿವರಿಸಿದರು. ಇನ್ನೊಂದು ಗುಂಪಿಗೆ ನೋವಿನ ವಿಚಾರ ಎತ್ತಲಿಲ್ಲ. ಯಾರು ಯಾವ ಗುಂಪು ಅಂತ ಸರ್ಜನ್‌ಗಳಿಗೆ ಗೊತ್ತಿರಲಿಲ್ಲ. ಹೇಳಿಸಿಕೊಂಡವರಿಗೆ ನೋವಿನ ಇಂಜೆಕ್ಷನ್ ಹೆಚ್ಚುಕಮ್ಮಿ ಅರ್ಧದಷ್ಟು ಸಾಕಾಯಿತು, ಮನೆಗೂ ಸರಾಸರಿ ಎರಡು ದಿನಕ್ಕಿಂತ ಜಾಸ್ತಿ ಮುಂಚೆ ಹೋದರು. ಇದು ಪ್ರಕಟವಾಗಿದ್ದು 1964ರಲ್ಲಿ. ಅರವತ್ತು ವರ್ಷ ದಾಟಿದರೂ ನಾವಿನ್ನೂ "ಏನೂ ಆಗಲ್ಲ" ಅಂತಲೇ ಹೇಳುತ್ತಿದ್ದೇವೆ.

ಮತ್ತಿನ ಭಯ

ಕುಯ್ಯುವುದಕ್ಕಿಂತ ಮತ್ತಿಗೆ ಹೆದರುವವರೇ ಜಾಸ್ತಿ. ಎಚ್ಚರ ಆಗದೇ ಹೋದರೆ? ಮಧ್ಯದಲ್ಲೇ ಎಚ್ಚರವಾಗಿಬಿಟ್ಟರೆ? ಈ ಎರಡೂ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅನಸ್ತೇಸಿಯಾ ಡಾಕ್ಟರು. ಆಪರೇಷನ್ನಿಗೆ ಮುಂಚೆ ಮತ್ತಿನ ಔಷಧಿ ಕೊಡಬಹುದಾ ಅಂತ ನೋಡಲು ಪಿಎಸಿ ಅಂತ ಒಂದು ಚೆಕಪ್ ಮಾಡುತ್ತಾರೆ, ನಾವೆಲ್ಲ ಅದನ್ನು ಸಹಿ ಹಾಕಿಸುವ ಶಾಸ್ತ್ರದ ಥರ ಮುಗಿಸಿಬಿಡುತ್ತೇವೆ. ಹಾಗೆ ಮಾಡಬೇಡಿ, ಕೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆಪರೇಷನ್ ಮುಗಿಯುವವರೆಗೂ ಆ ಡಾಕ್ಟರು ಓಟಿಯಲ್ಲೇ, ತಲೆಯ ಹತ್ತಿರವೇ ಇರುತ್ತಾರೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಇಂಜೆಕ್ಷನ್ ಕೊಟ್ಟು ಹೋಗಿಬಿಡುತ್ತಾರೆ ಅಂದುಕೊಂಡಿರುತ್ತಾರೆ. ಇದೊಂದು ಗೊತ್ತಾದರೇ ಎಷ್ಟೋ ಧೈರ್ಯ ಬರುತ್ತದೆ. ಮಧ್ಯದಲ್ಲಿ ಎಚ್ಚರವಾಗುವ ವಿಚಾರಕ್ಕೆ ಬಂದರೆ, ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ದೊಡ್ಡ ಮಟ್ಟದಲ್ಲಿ ಲೆಕ್ಕ ತೆಗೆದು 2014ರಲ್ಲಿ ವರದಿ ಕೊಟ್ಟರು. ಹಾಗಾಯಿತು ಅಂತ ಹೇಳಿಕೊಂಡವರು ಸುಮಾರು 19,000ಕ್ಕೆ ಒಬ್ಬರು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಜೀವನಪೂರ್ತಿ ಬೆನ್ನುನೋವು ಅಂತ ಒಂದು ಮಾತಿದೆಯಲ್ಲ, ಅದು ಪ್ರತಿ ವಾರ್ಡಿನಲ್ಲೂ ಓಡಾಡುತ್ತಿರುತ್ತದೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಕೆಲವರಿಗೆ ಕೂತಾಗ, ನಿಂತಾಗ ತಲೆನೋವು ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ವರ್ಷಗಟ್ಟಲೆ ಇರುವ ಬೆನ್ನುನೋವಿಗೆ ಆ ಸೂಜಿ ಕಾರಣ ಅನ್ನುವುದಕ್ಕೆ ಆಧಾರ ಇಲ್ಲ. ಸಿಸೇರಿಯನ್ ಆದ ಮೇಲೆ ಮಗು ಎತ್ತಿಕೊಂಡು, ಬಗ್ಗಿ ಕೂತು ಹಾಲುಣಿಸಿ, ನಿದ್ದೆಗೆಟ್ಟು ಬಂದ ನೋವನ್ನೂ ಜನ ಆ ಇಂಜೆಕ್ಷನ್ ಲೆಕ್ಕಕ್ಕೇ ಬರೆದುಬಿಡುತ್ತಾರೆ.

ಮುಚ್ಚಿಟ್ಟುಕೊಂಡ ವಿಷಯವೂ ಭಯಕ್ಕೆ ಕಾರಣ ಆಗುತ್ತದೆ. ದಿನಾ ಕುಡಿಯುವವರು, ಬೀಡಿ ಸೇದುವವರು, ಗುಟ್ಕಾ ಹಾಕುವವರು ಹೆಂಡತಿ ಮಕ್ಕಳ ಎದುರು ಹೇಳುವುದಿಲ್ಲ, ಆದರೆ ಒಳಗೊಳಗೇ "ಇದರಿಂದ ಏನಾದರೂ ಎಡವಟ್ಟಾದರೆ" ಅಂತ ಕೊರೆಯುತ್ತಿರುತ್ತದೆ. ನಿಜವಾಗಿಯೂ ತೊಂದರೆ ಆಗಬಹುದು. ಗುಟ್ಕಾದಿಂದ ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ ಟ್ಯೂಬ್ ಹಾಕುವುದು ಕಷ್ಟ. ಕುಡಿಯುವುದನ್ನು ದಿಢೀರ್ ಬಿಟ್ಟರೆ ಎರಡು ಮೂರು ದಿನಕ್ಕೆ ಕೈ ನಡುಕ, ಗಾಬರಿ, ಫಿಟ್ಸ್ ಕೂಡ ಬರಬಹುದು. ಡಾಕ್ಟರ ಹತ್ತಿರ ಪೇಷಂಟ್ ಒಬ್ಬರೇ ಐದು ನಿಮಿಷ ಮಾತಾಡಲಿ, ನೀವು ಹೊರಗೆ ಹೋಗಿ ಕಾಫಿ ಕುಡಿದು ಬನ್ನಿ.

ಮನೆಯಲ್ಲಿದ್ದ ನಿದ್ದೆ ಮಾತ್ರೆಯನ್ನು ನೀವಾಗೇ ಕೊಡಬೇಡಿ. "ಒಂದು ಕ್ವಾರ್ಟರ್ ಹಾಕಿದ್ರೆ ಧೈರ್ಯ ಬರುತ್ತೆ" ಅನ್ನುವ ಭಾವಮೈದುನನನ್ನು ಗೇಟಿನ ಹೊರಗೇ ನಿಲ್ಲಿಸಿ. ಭಯ ತಡೆಯಲು ಆಗುತ್ತಿಲ್ಲ ಅಂದರೆ ಅನಸ್ತೇಸಿಯಾ ಡಾಕ್ಟರಿಗೆ ಹೇಳಿ. ಅದಕ್ಕೆ ಔಷಧಿ ಇದೆ, ಸೂಕ್ತ ಅನ್ನಿಸಿದರೆ ಹಿಂದಿನ ರಾತ್ರಿ ಮಾತ್ರೆಯನ್ನೋ ಓಟಿ ಬಾಗಿಲಲ್ಲಿ ಡ್ರಿಪ್ ಸೂಜಿಯಿಂದಲೋ ಕೊಡುತ್ತಾರೆ. ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಟೆನ್ಷನ್ನಿಗೆ ಬಿಪಿ ಏರಿ ಆಪರೇಷನ್ನೇ ಮುಂದಕ್ಕೆ ಹೋಗಿ, ಮತ್ತೆ ವಾರಗಟ್ಟಲೆ ಕಾಯುವುದಕ್ಕಿಂತ ಇದು ಎಷ್ಟೋ ವಾಸಿ.

ಸಣ್ಣ ಪುಟ್ಟದ್ದು ಅಂತ ನಾವು ಬಿಟ್ಟುಬಿಡುವುದು

ಕೊರಳ ತಾಳಿಯ ವಿಷಯ. ಇದನ್ನು ಮೊದಲು ಹೇಳಬೇಕಿತ್ತು. ಲೋಹ ಮೈಮೇಲೆ ಇರಬಾರದು ಅಂತ ಬೆಳಿಗ್ಗೆ ಆರೂವರೆಗೆ ಬಂದು "ತಾಳಿ ತೆಗೀರಿ, ಕಾಲುಂಗುರ ತೆಗೀರಿ" ಅಂದರೆ ಆ ಹೆಣ್ಣುಮಗಳಿಗೆ ಏನಾಗಬೇಡ? ಗರ್ಭಕೋಶ ತೆಗೆಸಲು ಬಂದಿದ್ದ ಒಬ್ಬರು ಅಲ್ಲಿಯವರೆಗೂ ಗಟ್ಟಿಯಾಗಿದ್ದವರು, ತಾಳಿಗೆ ಕೈ ಹಾಕಿದ ತಕ್ಷಣ ಬಿಕ್ಕಿ ಬಿಕ್ಕಿ ಅತ್ತರು. ಬಿಪಿ 180. ಅವತ್ತು ಅವರ ಅತ್ತೆ ಮಾಡಿದ್ದನ್ನು ನಾನು ಇವತ್ತಿಗೂ ಎಲ್ಲರಿಗೂ ಹೇಳಿಕೊಡುತ್ತೇನೆ. ಬ್ಯಾಗಿನಿಂದ ಅರಿಶಿನದ ಕೊಂಬು ತೆಗೆದು, ಅರಿಶಿನ ಹಚ್ಚಿದ ದಾರಕ್ಕೆ ಕಟ್ಟಿ, ಗಂಡನ ಕೈಯಲ್ಲೇ ಕಟ್ಟಿಸಿದರು. ಆಮೇಲೆ ಚಿನ್ನದ ತಾಳಿ ಬಿಚ್ಚಿಸಿದರು. ದಾರ ಇದ್ದರೆ ನಮ್ಮ ಓಟಿಯವರದ್ದೇನೂ ತಕರಾರಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಹಿಂದಿನ ದಿನವೇ ಕೇಳಿಕೊಂಡು ಕೊಂಬು, ದಾರ ತಂದಿಟ್ಟುಕೊಳ್ಳಿ. ಬಿಗಿಯಾದ ಬಳೆ, ಮೂಗುಬೊಟ್ಟು, ಕಾಲುಂಗುರಗಳನ್ನು ಮನೆಯಲ್ಲೇ ಸೋಪು ನೀರು ಹಾಕಿ ತೆಗೆದುಕೊಂಡು ಬನ್ನಿ. ದೇವಸ್ಥಾನದ ದಾರ, ದರ್ಗಾದ ತಾಯತ ಕೈಯಲ್ಲಿದ್ದರೆ ಕತ್ತರಿ ಹಾಕುವ ಮುಂಚೆ ಸಿಸ್ಟರ್‌ಗೆ ಹೇಳಿ. ಡ್ರಿಪ್ ಹಾಕದ ಕೈಗೆ ಬದಲಾಯಿಸಿ ಪ್ಲಾಸ್ಟರ್ ಅಂಟಿಸಲು ಆಗುತ್ತಾ ಅಂತ ನೋಡುತ್ತೇವೆ.

ವಯಸ್ಸಾದವರ ಕನ್ನಡಕ, ಕಿವಿ ಮಿಷನ್ನು, ಹಲ್ಲಿನ ಸೆಟ್ಟು. ಮೂರನ್ನೂ ವಾರ್ಡಿನಲ್ಲೇ ತೆಗೆದಿಟ್ಟುಕೊಂಡು ಕಳಿಸಿದರೆ ಅವರು ಕಣ್ಣು ಕಾಣದೆ, ಕಿವಿ ಕೇಳದೆ, ಬಾಯಿ ಮಾತು ಹೊರಳದೆ ಹೊಸ ಜಾಗದಲ್ಲಿ ಒಬ್ಬರೇ ಮಲಗಿರುತ್ತಾರೆ. ಮತ್ತಿನ ಔಷಧಿ ಕೊಡುವವರೆಗೆ ಕಿವಿ ಮಿಷನ್ನು ಇರಲಿ ಅಂತ ಕೇಳಿಕೊಳ್ಳಿ, ಎಷ್ಟೋ ಕಡೆ ಒಪ್ಪುತ್ತಾರೆ. ಹಲ್ಲಿನ ಸೆಟ್ಟನ್ನು ಓಟಿ ಬಾಗಿಲಲ್ಲಿ ತೆಗೆದರೆ ಸಾಕಾ ಅಂತಲೂ ಕೇಳಿ. ಹೆಸರು ಬರೆದ ಡಬ್ಬಿ ನಿಮ್ಮ ಕೈಯಲ್ಲಿರಲಿ.

ಭಾಷೆ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿ, ಮಗ ತಲೆ ಅಲ್ಲಾಡಿಸಿ, ಅಮ್ಮನಿಗೆ "ಏನಿಲ್ಲಮ್ಮ" ಅಂದರೆ ಅಮ್ಮನಿಗೆ ಅನುಮಾನ ಬಾರದೆ ಇರುತ್ತಾ? ತುಳು, ಬ್ಯಾರಿ, ಕೊಡವ, ಉರ್ದು, ಅವರಿಗೆ ಯಾವುದು ಬರುತ್ತದೋ ಅದರಲ್ಲಿ ಹೇಳುವವರು ವಾರ್ಡಿನಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಕೇಳಿ.

ಹಸಿವು, ಬಾಯಾರಿಕೆಯೂ ಭಯವನ್ನು ಹೆಚ್ಚಿಸುತ್ತದೆ. ಸಾಮಾನ್ಯವಾಗಿ ಲಘು ಊಟ ಆಗಿ 6 ಗಂಟೆ, ಬರೀ ನೀರಾದರೆ 2 ಗಂಟೆ ಬಿಟ್ಟರೆ ಸಾಕು ಅನ್ನುವುದು ಅನಸ್ತೇಸಿಯಾದವರ ನಿಯಮ. ಹಾಲು ಹಾಕಿದ ಕಾಫಿ, ಟೀ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಊಟದ ಲೆಕ್ಕ. ಆದರೂ ಎಷ್ಟೋ ಕಡೆ ರಾತ್ರಿ ಹನ್ನೆರಡರಿಂದ ಹನಿ ನೀರೂ ಬೇಡ ಅಂದುಬಿಡುತ್ತಾರೆ, ಆಪರೇಷನ್ನು ಮಧ್ಯಾಹ್ನ ಎರಡಕ್ಕಿರುತ್ತದೆ. "ನೀರು ಎಷ್ಟು ಗಂಟೆಯವರೆಗೆ ಕುಡಿಯಬಹುದು?" ಅಂತ ಅನಸ್ತೇಸಿಯಾ ಡಾಕ್ಟರನ್ನೇ ಕೇಳಿ, ಅವರು ಹೇಳಿದ್ದನ್ನು ಪಾಲಿಸಿ. ಸಕ್ಕರೆ ಕಾಯಿಲೆ, ಹೊಟ್ಟೆಯ ತೊಂದರೆ ಇದ್ದವರಿಗೆ ಲೆಕ್ಕ ಬೇರೆ ಇರಬಹುದು. ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ಇನ್ಸುಲಿನ್ ಬಗ್ಗೆಯೂ ಅವತ್ತೇ ಕೇಳಿ ಬರೆದಿಟ್ಟುಕೊಳ್ಳಿ.

ದುಡ್ಡು ಮತ್ತು ಸಹಿ

ಮನೆಯ ಹಿರಿಯರ ಭಯ ಎಷ್ಟೋ ಸಲ ದುಡ್ಡಿನದೇ. ಹೇಳುವುದಿಲ್ಲ, ಅಷ್ಟೆ. "ನನಗ್ಯಾಕೆ ಈ ವಯಸ್ಸಲ್ಲಿ ಆಪರೇಷನ್ನು" ಅಂದರೆ ಬಹಳ ಸಲ ಅದರ ಅರ್ಥ "ಎಲ್ಲಿಂದ ತರ್ತೀರಿ" ಅಂತ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಇದೆ, ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ 30 ಪರ್ಸೆಂಟ್. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. ಸೇರಿಕೊಂಡಿರುವ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅಡ್ಮಿಟ್ ಆಗುವ ಮುಂಚೆಯೇ ಅವರನ್ನು ನೋಡಿ. ಪ್ರೈವೇಟ್ ಆಸ್ಪತ್ರೆಯಾದರೆ ಬಹಳ ಸಲ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಅಪ್ರೂವಲ್ ಬಂದ ದಿನ ಆ ಕಾಗದವನ್ನು ಅಪ್ಪನ ಕೈಗೇ ಕೊಟ್ಟು ತೋರಿಸಿ. ಬಾಯಿಮಾತಿಗಿಂತ ಕಾಗದ ಕೈಯಲ್ಲಿದ್ದರೆ ನಂಬಿಕೆ ಜಾಸ್ತಿ.

ಕನ್ಸೆಂಟ್ ಫಾರಂ, ಅಂದರೆ ಒಪ್ಪಿಗೆ ಪತ್ರ, ಇನ್ನೊಂದು. "ಜೀವಕ್ಕೆ ಅಪಾಯ ಆಗಬಹುದು" ಅಂತ ಬರೆದಿರುತ್ತದೆ, ಸ್ಟ್ರೆಚರ್ ಬಂದು ನಿಂತಾಗ ಸಹಿ ಕೇಳಿದರೆ ಯಾರಿಗಾದರೂ ಜೀವ ಬಾಯಿಗೆ ಬರುತ್ತದೆ. ಹಿಂದಿನ ಸಂಜೆಯೇ ಕೇಳಿ ತರಿಸಿಕೊಳ್ಳಿ, ಓದಿ, ಓದಿಸಿ. ಸುಪ್ರೀಂ ಕೋರ್ಟು 2008ರ ಒಂದು ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ, ಏನು ಮಾಡುತ್ತಾರೆ, ಯಾಕೆ, ಬೇರೆ ದಾರಿ ಇದೆಯಾ, ಮುಖ್ಯವಾದ ಅಪಾಯಗಳೇನು, ಮಾಡಿಸದಿದ್ದರೆ ಏನಾಗುತ್ತದೆ ಅನ್ನುವುದನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಅಂತ. ಹಾಗಾಗಿ ಕೇಳುವುದು ಅಧಿಕಪ್ರಸಂಗ ಅಲ್ಲ. ಎಲ್ಲಾ ಕೇಳಿದ ಮೇಲೂ ಅವರು ಬೇಡ ಅಂದರೆ ಅದನ್ನು ಬರೀ ಭಯ ಅಂತ ತಳ್ಳಿಹಾಕಬೇಡಿ. ನಿಜವಾಗಿಯೂ ಬೇಡ ಅನ್ನುತ್ತಿರಬಹುದು. ಡಾಕ್ಟರನ್ನು ಇನ್ನೊಂದು ಸಲ ಕರೆಸಿ ಕೂತು ಮಾತಾಡಿ.

ನೋಡಲು ಬರುವವರು

ಹಾರ್ಲಿಕ್ಸ್ ಬಾಟಲಿ ಹಿಡಿದು ಬರುತ್ತಾರೆ, ಮಂಚದ ತುದಿಗೆ ಕೂರುತ್ತಾರೆ, ಶುರು ಮಾಡುತ್ತಾರೆ. "ನಮ್ಮ ಷಡ್ಡಕನಿಗೂ ಇದೇ ಆಪರೇಷನ್ನು, ಪಾಪ ಚೆನ್ನಾಗೇ ನಡ್ಕೊಂಡು ಒಳಗೆ ಹೋದ..." ಕೆಟ್ಟ ಮನಸ್ಸಿನವರಲ್ಲ, ಮಾತಿಗೆ ಬೇರೆ ವಿಷಯ ಸಿಗುವುದಿಲ್ಲ, ಅಷ್ಟೆ. ಇವರನ್ನು ವಾರ್ಡಿನ ಬಾಗಿಲಲ್ಲೇ ಹಿಡಿದುಕೊಳ್ಳಿ. "ಆಪರೇಷನ್ ವಿಷಯ ಬೇಡ, ಮಳೆ ಬೆಳೆ ಮಾತಾಡಿ" ಅಂತ ಹೇಳಿ ಒಳಗೆ ಬಿಡಿ. ಕೇಳದವರಿಗೆ "ಸಿಸ್ಟರ್ ಬೈತಾರೆ" ಅನ್ನಿ. ನಮ್ಮ ಹೆಸರು ಹೇಳಲು ಅಡ್ಡಿಯಿಲ್ಲ, ಹೇಗೂ ಜಗಳಗಂಟಿ ಅಂತ ಹೆಸರಿದೆ. ಯೂಟ್ಯೂಬಿನಲ್ಲಿ ಆಪರೇಷನ್ ವಿಡಿಯೋ ನೋಡುವ ಹುಡುಗರನ್ನೂ ಹೊರಗಿಡಿ.

ರಾಹುಕಾಲ, ಅಮಾವಾಸ್ಯೆ ನೋಡುವವರಿದ್ದರೆ ನಗಬೇಡಿ. ಅರ್ಜೆಂಟ್ ಇಲ್ಲದ ಆಪರೇಷನ್ ಆದರೆ ಡೇಟ್ ಕೊಡುವಾಗಲೇ ಕೇಳಿನೋಡಿ. ಅರ್ಜೆಂಟ್ ಆದರೆ ಕಾಯುವಂತಿಲ್ಲ ಅಂತ ಡಾಕ್ಟರ ಬಾಯಿಂದಲೇ ಹೇಳಿಸಿ.

ಮಕ್ಕಳಿಗೆ ಮಾತ್ರ ಸುಳ್ಳು ಹೇಳಲೇಬೇಡಿ. "ಐಸ್‌ಕ್ರೀಂ ಕೊಡಿಸ್ತೀನಿ ಬಾ" ಅಂತ ಓಟಿಗೆ ಕರೆತಂದರೆ ಮುಂದೆ ಆ ಮಗು ಬಿಳಿ ಕೋಟು ಕಂಡರೆ ಕಿರುಚುತ್ತದೆ. ಮಲಗಿಸಿ ಹೊಟ್ಟೆ ಸರಿ ಮಾಡುತ್ತಾರೆ, ಎದ್ದಾಗ ಸ್ವಲ್ಪ ನೋವಿರುತ್ತದೆ, ನಾನು ಅಲ್ಲೇ ಇರುತ್ತೇನೆ, ಇಷ್ಟು ಸಾಕು. ಮಲಗುವಾಗ ಹಿಡಿದುಕೊಳ್ಳುವ ಗೊಂಬೆಯೋ ಅಮ್ಮನ ಹಳೇ ಸೆರಗಿನ ತುಂಡೋ ಜೊತೆಗಿರಲಿ. ಮತ್ತು ಬರಿಸುವ ಮಾಸ್ಕ್ ಇಡುವವರೆಗೆ ಮನೆಯವರು ಒಬ್ಬರು ಒಳಗೆ ಬರಬಹುದಾ ಅಂತ ಕೇಳಿ.

ಸ್ಟ್ರೆಚರ್ ಮೇಲೆ

ಇದನ್ನು ನಾನು ಕಲಿತದ್ದು ನರ್ಸ್ ಆಗಿ ಅಲ್ಲ. ಮೂರು ವರ್ಷದ ಹಿಂದೆ ನನ್ನದೇ ಪಿತ್ತಕೋಶದ ಆಪರೇಷನ್ ಆಯಿತು, ಬೇರೆ ಆಸ್ಪತ್ರೆಯಲ್ಲಿ. ಮೊದಲನೇ ಕೇಸು ಅಂದಿದ್ದರು, ಮೂರನೆಯದಾಯಿತು. ಓಟಿ ಹೊರಗಿನ ಕಾರಿಡಾರಿನಲ್ಲಿ ಎರಡು ಗಂಟೆ ಹತ್ತಿರ ಹತ್ತಿರ ಮಲಗಿದ್ದೆ. ಯಾರೂ ಏನೂ ಹೇಳಲಿಲ್ಲ. ಸಾವಿರಾರು ಜನರನ್ನು ಕಳಿಸಿದವಳು ನಾನು, ಚಾವಣಿಯ ಟ್ಯೂಬ್‌ಲೈಟ್ ಎಣಿಸುತ್ತಾ ನಡುಗುತ್ತಿದ್ದೆ. ಹನ್ನೊಂದು ಇದ್ದವು, ಒಂದು ಮಿನುಗುತ್ತಿತ್ತು. ತಡವಾಗಿದ್ದಕ್ಕೆ ಬೇಜಾರಿಲ್ಲ. ಯಾಕೆ ತಡ ಅಂತ ಗೊತ್ತಿಲ್ಲದೆ, ನನ್ನ ರಿಪೋರ್ಟಿನಲ್ಲೇ ಏನೋ ಸಿಕ್ಕಿರಬೇಕು ಅಂತ ಮನಸ್ಸು ಕಥೆ ಕಟ್ಟುತ್ತಾ ಹೋಯಿತು ನೋಡಿ, ಅದು ಕಷ್ಟ. ಈಗ ನಾನು ಯಾರನ್ನೇ ಕಳಿಸಿದರೂ ಹೇಳುತ್ತೇನೆ: ನೀವು ಲಿಸ್ಟಿನಲ್ಲಿ ಇಷ್ಟನೆಯವರು, ಹಿಂದಿನ ಕೇಸು ಎಳೆದರೆ ನಿಮ್ಮದು ತಡ ಆಗುತ್ತದೆ, ಅದಕ್ಕೂ ನಿಮ್ಮ ಕಾಯಿಲೆಗೂ ಸಂಬಂಧ ಇಲ್ಲ. ನೀವೂ ಸಿಸ್ಟರ್ ಹತ್ತಿರ ಕೇಳಿ, ಎಷ್ಟನೇ ಕೇಸು ಅಂತ.

ಆ ಹೊತ್ತಿಗೆ ಉಸಿರಾಟ ಕೈ ಹಿಡಿಯುತ್ತದೆ, ಆದರೆ ಅಲ್ಲೇ ಹೊಸದಾಗಿ ಕಲಿಯಲು ಆಗುವುದಿಲ್ಲ. ಹಿಂದಿನ ಸಂಜೆ ಜೊತೆಗೆ ಕೂತು ಮಾಡಿ. ಹೊಕ್ಕುಳ ಮೇಲೆ ಕೈ ಇಟ್ಟುಕೊಂಡು, ನಾಲ್ಕು ಎಣಿಸುವವರೆಗೆ ಮೂಗಿನಿಂದ ಒಳಗೆ, ಆರು ಎಣಿಸುವವರೆಗೆ ನಿಧಾನವಾಗಿ ಹೊರಗೆ. ಕೈ ಮೇಲೇಳಬೇಕು, ಇಳಿಯಬೇಕು. ಹತ್ತು ಸಲ. ಹೊರಗೆ ಬಿಡುವುದು ಉದ್ದ ಇರಲಿ. ಎಣಿಸುವುದು ಬೇಜಾರು ಅನ್ನುವವರಿಗೆ ಇನ್ನೊಂದು ಉಪಾಯ. ಗುಂಡ್ಲುಪೇಟೆ ಕಡೆಯ ತಾತ ಒಬ್ಬರಿಗೆ "ಊರಿಗೆ ಹೋಗೋ ಬಸ್ಸಿನ ಸ್ಟಾಪು ಹೇಳ್ತಾ ಹೋಗಿ" ಅಂದೆ. ಮೈಸೂರು, ಕಡಕೊಳ, ನಂಜನಗೂಡು... ಒಂದೊಂದು ಊರಿಗೂ ಒಂದೊಂದು ಉಸಿರು. ಬೇಗೂರು ದಾಟುವ ಹೊತ್ತಿಗೆ ಸ್ಟ್ರೆಚರ್ ಒಳಗೆ ಹೋಯಿತಂತೆ. ಇಷ್ಟದ ಹಾಡು ಕೇಳುವವರಿದ್ದರೆ ಇಯರ್‌ಫೋನ್ ಎಲ್ಲಿಯವರೆಗೆ ಬಿಡುತ್ತಾರೆ ಕೇಳಿ, ಸಂಗೀತದಿಂದ ಈ ಭಯ ಕಡಿಮೆಯಾಗುತ್ತದೆ ಅಂತ ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ.

ಬಾಗಿಲು ಹಾಕುವಾಗ ಎಂಟು ಜನ ಸುತ್ತ ನಿಂತು ಅಳಬೇಡಿ. ಒಬ್ಬರು ಕೈ ಹಿಡಿದುಕೊಂಡು "ಈ ಬಾಗಿಲ ಹತ್ತಿರವೇ ಇರುತ್ತೇನೆ, ಹೊರಗೆ ಬಂದಾಗ ನಾನೇ ಸಿಗುತ್ತೇನೆ" ಅಂತ ಹೇಳಿ. ಹೇಳಿದ ಮೇಲೆ ಅಲ್ಲೇ ಇರಿ. ಒಂದು ಗಂಟೆ ಆಪರೇಷನ್ ಅಂದರೆ ಹೊರಗೆ ಬರಲು ಎರಡೂವರೆ ಗಂಟೆಯೂ ಆಗಬಹುದು, ಮತ್ತಿನ ಔಷಧಿ ಕೊಡಲು, ಎಚ್ಚರ ಮಾಡಿಸಲು, ಆಮೇಲೆ ಒಳಗೇ ಇಟ್ಟು ನೋಡಲು ಟೈಮ್ ಬೇಕು. ಇದು ಗೊತ್ತಿಲ್ಲದೆ ಹೊರಗಿರುವವರ ಬಿಪಿ ಏರುವುದೇ ಜಾಸ್ತಿ.

ವಾರ್ಡಿಗೆ ಬಂದ ಮೇಲೆ ಕಣ್ಣು ಬಿಟ್ಟಾಗ ಮೊದಲು ಹೇಳಬೇಕಾದ್ದು ಟೈಮು ಮತ್ತು ಜಾಗ. "ಆಪರೇಷನ್ ಮುಗೀತು. ಈಗ ಮೂರು ಗಂಟೆ. ವಾರ್ಡಿಗೆ ಬಂದಿದ್ದೀರಿ." ಐದು ನಿಮಿಷಕ್ಕೆ ಮತ್ತೆ ಅದನ್ನೇ ಕೇಳುತ್ತಾರೆ. ಮತ್ತೆ ಹೇಳಿ, ಅದೇ ದನಿಯಲ್ಲಿ.

ಆ ಕೈಸಾಲದವರು ಕಣ್ಣು ಬಿಟ್ಟು ಮೊದಲು ಹೆಂಡತಿಯನ್ನು ನೋಡಿದರು, ಆಮೇಲೆ ನನ್ನನ್ನು. ಹುಬ್ಬು ಸ್ವಲ್ಪ ಮೇಲಕ್ಕೆ ಹೋಯಿತು.

"ನೀರು ಕೇಳಿದ್ರಂತೆ, ಅಷ್ಟೇ" ಅಂದೆ.

ಕಣ್ಣು ಮುಚ್ಚಿ ಮತ್ತೆ ನಿದ್ದೆ ಹೋದರು.